ರೇಂಜ್: ಬೇಟೆಯ ಸಾಲಿನಿಂದ ಮೊಬೈಲ್ ಟವರಿನವರೆಗೆ

ಪ್ರಶ್ನೆ: ನಮ್ಮದು ಹೊಸನಗರ ತಾಲ್ಲೂಕಿನ ಒಂದು ಹಳ್ಳಿ. ಮನೆಯಲ್ಲಿ ನಾವು ‘ರೇಂಜ್ ಇಲ್ಲ’ ಅಂದರೆ ಮೊಬೈಲಿಗೆ ಸಿಗ್ನಲ್ ಇಲ್ಲ ಅಂತ ಅರ್ಥ. ಅಪ್ಪಯ್ಯ ‘ರೇಂಜಿಗೆ ಹೋಗಿ ಬಂದೆ’ ಅಂದರೆ ಅದು ಫಾರೆಸ್ಟ್ ಆಫೀಸು. ಮಗಳ ಗಣಿತದಲ್ಲಿ ಒಂದು ರೇಂಜ್, ಭೂಗೋಳದಲ್ಲಿ ಇನ್ನೊಂದು, ಬಟ್ಟೆ ಅಂಗಡಿಯಲ್ಲಿ ‘ಯಾವ ರೇಂಜಿನದು ತೋರಿಸಲಿ’ ಅಂತ ಮತ್ತೊಂದು. ಇವೆಲ್ಲ ಒಂದೇ ಪದವೋ, ಉಚ್ಚಾರಣೆ ಮಾತ್ರ ಒಂದಾದ ಬೇರೆ ಬೇರೆ ಪದಗಳೋ? ಸಂಸ್ಕೃತದ ‘ರಂಗ’ದಿಂದ ಬಂದದ್ದು ಎಂದು ವಾಟ್ಸ್‌ಆ್ಯಪಿನಲ್ಲಿ ಓದಿದೆ, ನಿಜವೇ? ಮಗಳು ಶಾಲೆಗೆ ನಮ್ಮೂರಿನ ಬಗ್ಗೆ ಪ್ರಬಂಧ ಬರೆಯುತ್ತಿದ್ದಾಳೆ. ರೇಂಜ್ ಎಂಬಲ್ಲಿ ಅವಳು ಕನ್ನಡದಲ್ಲಿ ಏನು ಬರೆಯಬೇಕು?

ಉತ್ತರ: ಎಲ್ಲವೂ ಒಂದೇ ಪದ. ಕಾಗುಣಿತ ಒಂದಾಗಿ ಬೇರು ಬೇರೆಯಾದ ಪದಗಳು ಇಂಗ್ಲಿಷಿನಲ್ಲಿ ಸಾಕಷ್ಟಿವೆ. ಬಾವಲಿ ಎಂಬ ಅರ್ಥದ ಬ್ಯಾಟಿಗೂ ಕ್ರಿಕೆಟ್ ಬ್ಯಾಟಿಗೂ ಯಾವ ನೆಂಟಸ್ತಿಕೆಯೂ ಇಲ್ಲ. ರೇಂಜ್ ಹಾಗಲ್ಲ. ನೀವು ಹೇಳಿದ ಐದೂ ಅರ್ಥಗಳು ಒಂದೇ ಬೇರಿನವು. ನಡುವೆ ಅದು ಎರಡು ಕವಲಾಗಿ ಒಡೆದದ್ದರಿಂದ ನಮಗೆ ಸಂಬಂಧ ಕಾಣುವುದಿಲ್ಲ. ಒಂದು ಕವಲು ‘ಸಾಲು’, ಇನ್ನೊಂದು ‘ಅಲೆದಾಟ’. ಸಾಲಾಗಿ ನಿಲ್ಲುವುದಕ್ಕೂ ಎಲ್ಲೆಂದರಲ್ಲಿ ಅಲೆಯುವುದಕ್ಕೂ ಒಂದೇ ಪದ ಹೇಗೆ ಬಂತು ಎಂಬುದೇ ಇಲ್ಲಿನ ಮುಖ್ಯ ಪ್ರಶ್ನೆ. ಅದನ್ನು ಬಿಡಿಸಲು ಮಲೆನಾಡಿನವರಿಗೆ ಬೇರೆಯವರಿಗಿಂತ ಸುಲಭ. ಯಾಕೆ ಎಂಬುದಕ್ಕೆ ಮುಂದೆ ಬರುತ್ತೇನೆ.

ಮೊದಲು ಬೇರು. ಇಂಗ್ಲಿಷಿಗೆ ಇದು ಸುಮಾರು 1200ರ ಹೊತ್ತಿಗೆ ಹಳೆಯ ಫ್ರೆಂಚಿನಿಂದ ಬಂತು. ಅಲ್ಲಿ ‘ರಂಗ್’ ಅಥವಾ ‘ರೆಂಗ್’ ಎಂದರೆ ಸಾಲು, ‘ರಂಜಿಯೇ’ ಎಂದರೆ ಸಾಲಾಗಿ ನಿಲ್ಲಿಸುವುದು. ಫ್ರೆಂಚಿಗೆ ಅದು ಸಿಕ್ಕಿದ್ದು ಫ್ರಾಂಕರ ಮಾತಿನಿಂದ. ಫ್ರಾನ್ಸಿಗೆ ಆ ಹೆಸರು ಕೊಟ್ಟವರೇ ಈ ಫ್ರಾಂಕರು, ಜರ್ಮನ್ ಗುಂಪಿನ ಭಾಷೆಯವರು. ಅವರಲ್ಲಿ ಅದರ ರೂಪ ‘ಹ್ರಿಂಗ್’, ಅರ್ಥ ಬಳೆ, ಸುತ್ತು, ವರ್ತುಲ. ಬೆರಳಿಗೆ ಹಾಕುವ ರಿಂಗ್ ಕೂಡ ಇದೇ ಪದ. ಅದು ಫ್ರೆಂಚಿನ ಹಾದಿ ಹಿಡಿಯದೆ ಹಳೆಯ ಇಂಗ್ಲಿಷಿನಿಂದಲೇ ನೇರವಾಗಿ ಉಳಿದು ಬಂದದ್ದು. ಹಾಗಾಗಿ ರಿಂಗ್ ಮತ್ತು ರೇಂಜ್ ದಾಯಾದಿಗಳು.

ಸುತ್ತು ಸಾಲಾದದ್ದು ಹೇಗೆ? ಸಭೆಗೋ ಯುದ್ಧಕ್ಕೋ ಜನ ಸುತ್ತುಗಟ್ಟಿ ನಿಲ್ಲುತ್ತಿದ್ದರು. ಆ ಸುತ್ತಿನಲ್ಲಿ ನಿಂತವರ ಪಂಕ್ತಿಗೇ ಆ ಹೆಸರು ಅಂಟಿಕೊಂಡಿತು. ಕಾಲಕ್ರಮದಲ್ಲಿ ಸುತ್ತು ಬಿಟ್ಟುಹೋಗಿ ಪಂಕ್ತಿ ಮಾತ್ರ ಉಳಿಯಿತು. ವಿದ್ವಾಂಸರು ಸಾಮಾನ್ಯವಾಗಿ ಕೊಡುವ ವಿವರಣೆ ಇದು, ನನಗೂ ಇದೇ ಒಪ್ಪಿಗೆ. ಅದೇ ಹಳೆಯ ಫ್ರೆಂಚ್ ಪದ ಗಡಸು ಕೊನೆಯೊಂದಿಗೆ ಬಂದಾಗ ‘ರ‍್ಯಾಂಕ್’ ಆಯಿತು. ಸಾಲಿನಲ್ಲಿ ನಿನ್ನ ಜಾಗ ಎಲ್ಲಿ ಎಂಬುದರಿಂದ ಅಂತಸ್ತು, ದರ್ಜೆ ಎಂಬ ಅರ್ಥ ಹುಟ್ಟಿತು. ‘ಅರೇಂಜ್’ ಎಂದರೆ ಮೊದಲಿಗೆ ಸೈನ್ಯವನ್ನು ಸಾಲಾಗಿ ಹೂಡುವುದು. ಮದುವೆ ಊಟಕ್ಕೆ ಅರೇಂಜ್ ಮಾಡುವುದು ಎಷ್ಟೋ ಶತಮಾನ ಆಮೇಲಿನ ಬಳಕೆ. ಸಾಲು ತಪ್ಪಿದರೆ ‘ಡಿರೇಂಜ್’, ಅದರಿಂದಲೇ ಬುದ್ಧಿ ಕೆಟ್ಟವರನ್ನು ‘ಡಿರೇಂಜ್ಡ್’ ಅನ್ನುವುದು. ಅಮೆರಿಕದ ದನಗಾಹಿಗಳ ‘ರಾಂಚ್’ ಸಹ ಇದೇ ಮನೆತನದ್ದು, ಸ್ಪ್ಯಾನಿಷ್ ಭಾಷೆಯನ್ನು ಸುತ್ತಿಕೊಂಡು ಬಂದದ್ದು.

ಇಲ್ಲೇ ನಿಮ್ಮ ‘ರಂಗ’ದ ಪ್ರಶ್ನೆಗೂ ಉತ್ತರ ಹೇಳಿಬಿಡಬಹುದು. ಇಲ್ಲ, ರಂಗಕ್ಕೂ ರೇಂಜಿಗೂ ಸಂಬಂಧವಿಲ್ಲ. ಕೇಳಲು ಹತ್ತಿರ ಎಂಬುದು ಪದಗಳ ವಿಷಯದಲ್ಲಿ ಸಾಕ್ಷಿಯಾಗುವುದಿಲ್ಲ, ದನಿಗಳು ಬದಲಾಗುವ ಕ್ರಮ ಹೊಂದಬೇಕು. ಹ್ರಿಂಗ್ ಪದದ ಮೊದಲಿನ ‘ಹ’ ಗಮನಿಸಿ. ಇಂಗ್ಲಿಷಿನಲ್ಲಿ ಅದು ಆಮೇಲೆ ಉದುರಿತು. ಹಾಗೆ ಉದುರಿದ್ದು ಈ ಒಂದು ಪದದಲ್ಲಿ ಮಾತ್ರ ಅಲ್ಲ: ಹಳೆಯ ‘ಹ್ಲಾಫ್’ ಇಂದಿನ ‘ಲೋಫ್’ ಆಯಿತು, ‘ಹ್ನುತು’ ಎಂಬುದು ‘ನಟ್’ ಆಯಿತು. ಜರ್ಮನ್ ಗುಂಪಿನ ಈ ಹಕಾರ ಇರುವ ಕಡೆ ಅದರ ಸೋದರ ಭಾಷೆಗಳಲ್ಲಿ ಕಕಾರ ಇರುತ್ತದೆ. ಅದು ಇಲ್ಲೂ ಸರಿಯಾಗಿ ಸಿಗುತ್ತದೆ: ರಷ್ಯನ್ ಭಾಷೆಯಲ್ಲಿ ವರ್ತುಲಕ್ಕೆ ‘ಕ್ರುಗ್’ ಅನ್ನುತ್ತಾರೆ. ರೇಂಜ್ ಪದದ ಬೇರಿನಲ್ಲಿ ರಕಾರಕ್ಕೂ ಮುಂಚೆ ಒಂದು ವ್ಯಂಜನ ಇತ್ತು ಎಂದಾಯಿತು. ಸಂಸ್ಕೃತದ ‘ರಂಗ’ದಲ್ಲಿ ಅಂಥದ್ದರ ಸುಳಿವೇ ಇಲ್ಲ. ಅದು ಬಣ್ಣ ಹಚ್ಚು ಎಂಬ ಅರ್ಥದ ‘ರಂಜ್’ ಧಾತುವಿನದು. ಎಲ್ಲ ಇಂಗ್ಲಿಷ್ ಪದವೂ ಸಂಸ್ಕೃತದ್ದೇ ಎಂದು ಸಾರುವ ಸಂದೇಶಗಳು ಬಂದಾಗ ಇಷ್ಟು ಪರೀಕ್ಷೆಯನ್ನಾದರೂ ಮಾಡಿ ನೋಡಬೇಕು. ಆ ಸಂದೇಶಗಳಿಂದ ಸಂಸ್ಕೃತದ ಗೌರವ ಹೆಚ್ಚುವುದಿಲ್ಲ. ದನಿಗಳ ಕ್ರಮವನ್ನು ಅಷ್ಟು ಸೂಕ್ಷ್ಮವಾಗಿ ಗುರುತಿಸಿದ ಪಾಣಿನಿಯಂಥವರು ಇದ್ದ ಪರಂಪರೆಗೆ ಇಂಥ ಅಂದಾಜಿನ ಮಾತು ಒಪ್ಪುವುದೂ ಇಲ್ಲ.

ಈಗ ಸಾಲು ಅಲೆದಾಟವಾದ ಕಥೆ. ನಮ್ಮ ಕಡೆ ಹಿಂದಿನ ಕಾಲದ ಹಂದಿ ಬೇಟೆಯ ಬಗ್ಗೆ ಹಿರಿಯರಿಂದ ನೀವು ಕೇಳಿರುತ್ತೀರಿ. ಕೋವಿಯವರು ಬಿಲ್ಲಿಗೆ ಕೂರುತ್ತಿದ್ದರು, ಎಂದರೆ ಪ್ರಾಣಿ ಹಾಯುವ ದಾರಿ ನೋಡಿ ಸಾಲಾಗಿ ಕಾಯುತ್ತಿದ್ದರು. ಉಳಿದವರು ನಾಯಿ ಕಟ್ಟಿಕೊಂಡು, ಅಂತರ ಬಿಟ್ಟು ಉದ್ದಕ್ಕೆ ಹರಡಿ, ಕೂಗು ಹಾಕುತ್ತ ಹಳು ನುಗ್ಗುತ್ತಿದ್ದರು. ಹಳು ನುಗ್ಗುವವರದ್ದು ಸಾಲೂ ಹೌದು, ಅಲೆದಾಟವೂ ಹೌದು. ಸಾಲು ಕೆಟ್ಟರೆ ಹಂದಿ ಹಿಂದಕ್ಕೆ ನುಸುಳುತ್ತದೆ, ನಿಂತಲ್ಲೇ ನಿಂತರೆ ಬೇಟೆಯೇ ಇಲ್ಲ. (1972ರ ವನ್ಯಜೀವಿ ಕಾಯ್ದೆ ಬಂದ ಮೇಲೆ ಇದೆಲ್ಲ ಅಪರಾಧ. ಅದು ಆಗಬೇಕಾದದ್ದೇ. ಇಲ್ಲಿ ಮಾತಿನ ಅರ್ಥಕ್ಕಾಗಿ ಮಾತ್ರ ನೆನೆಯುತ್ತಿದ್ದೇನೆ.) ಮಧ್ಯಯುಗದ ಇಂಗ್ಲೆಂಡಿನಲ್ಲೂ ಬೇಟೆ ಹೀಗೇ ಇತ್ತು. ‘ರೇಂಜ್’ ನಾಮಪದವಾಗಿ ಬೇಟೆಗಾರರ ಅಥವಾ ಸೈನಿಕರ ಸಾಲು. ಕ್ರಿಯಾಪದವಾಗಿ, ಬಹಳ ಹಳೆಯ ಬಳಕೆಯಲ್ಲೇ, ಬೇಟೆಗಾಗಿ ಒಂದು ಪ್ರದೇಶವನ್ನೆಲ್ಲ ಹುಡುಕುತ್ತ ಹಾದುಹೋಗುವುದು. ಆ ಕ್ರಿಯೆಯಿಂದ ‘ಬೇಟೆಗಾಗಿ’ ಎಂಬ ಭಾಗ ಕಳಚಿಬಿದ್ದರೆ ಉಳಿಯುವುದು ಅಡ್ಡಾಡುವುದು, ಸಂಚರಿಸುವುದು. ಅಡ್ಡಾಡುವಷ್ಟು ಜಾಗಕ್ಕೂ ಅದೇ ಹೆಸರು.

1611ರಲ್ಲಿ ಪ್ರಕಟವಾದ ಇಂಗ್ಲಿಷ್ ಬೈಬಲಿನಲ್ಲಿ ಈ ಪದದ ಮೂರು ಅರ್ಥಗಳು ಒಟ್ಟಿಗೆ ಸಿಗುತ್ತವೆ. ಅರಸರ ಎರಡನೆಯ ಪುಸ್ತಕದಲ್ಲಿ ಬಾಲರಾಜನನ್ನು ಕಾಯುವ ಕಾವಲಿನವರಿಗೆ ಅಪ್ಪಣೆಯಾಗುತ್ತದೆ, ‘ರೇಂಜ್’ಗಳ ಒಳಗೆ ನುಗ್ಗಿದವನನ್ನು ಕೊಲ್ಲಬೇಕೆಂದು. ಅಲ್ಲಿ ಅದು ಸೈನಿಕರ ಸಾಲು. ಯೋಬನ ಪುಸ್ತಕದಲ್ಲಿ ಕಾಡುಕತ್ತೆಗೆ ಬೆಟ್ಟಗಳ ‘ರೇಂಜ್’ ಹುಲ್ಲುಗಾವಲು ಎಂದಿದೆ. ಇದನ್ನು ಇಂದಿನವರು ಬೆಟ್ಟದ ಸಾಲು ಎಂದು ಓದಿಕೊಳ್ಳುತ್ತಾರೆ. ಅಲ್ಲಿನ ಅರ್ಥ ಅದಲ್ಲ, ಕತ್ತೆ ಮೇಯುತ್ತ ಅಲೆಯುವ ಬೆಟ್ಟದ ಹರವು. ಮೂರನೆಯದು ಯಾಜಕಕಾಂಡದಲ್ಲಿ, ಪಾತ್ರೆ ಇಡುವ ಒಲೆ. ಒಲೆಗೆ ಈ ಹೆಸರು 15ನೆಯ ಶತಮಾನದಿಂದಲೇ ಇದೆ. ಒಂದೇ ಬೆಂಕಿಯ ಮೇಲೆ ಹಲವು ಪಾತ್ರೆ ಸಾಲಾಗಿ ಇಡಬಹುದಾದ ಒಲೆ ಅದು. ನಮ್ಮಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯವರು ರೂಪಿಸಿದ ಮೂರು ಪಾತ್ರೆಯ ಅಸ್ತ್ರ ಒಲೆಯನ್ನು ಆ ಕಾಲದ ಇಂಗ್ಲಿಷರು ನೋಡಿದ್ದರೆ ರೇಂಜ್ ಎಂದೇ ಕರೆಯುತ್ತಿದ್ದರು. 1755ರಲ್ಲಿ ಸ್ಯಾಮ್ಯುಯೆಲ್ ಜಾನ್ಸನ್ ತನ್ನ ನಿಘಂಟು ತರುವ ಹೊತ್ತಿಗೆ ಅರ್ಥಗಳು ಇನ್ನೂ ಹೆಚ್ಚಿದ್ದವು. ಏಣಿಯ ಮೆಟ್ಟಿಲು, ಹಿಟ್ಟು ಜರಡಿ ಎಂಬ ಅರ್ಥಗಳನ್ನೂ ಅವನು ಕೊಟ್ಟಿದ್ದಾನೆ. ಅವೆರಡೂ ಈಗ ಬಳಕೆಯಲ್ಲಿಲ್ಲ.

ನಿಮ್ಮ ಅಪ್ಪಯ್ಯನವರ ರೇಂಜಿಗೆ ಬರೋಣ. ಇದರ ಚರಿತ್ರೆ ನನಗೆ ಎಲ್ಲಕ್ಕಿಂತ ಪ್ರಿಯ. ಇಲ್ಲಿ ಮೊದಲು ಹುಟ್ಟಿದ್ದು ಪ್ರದೇಶದ ಹೆಸರಲ್ಲ, ಮನುಷ್ಯನ ಹೆಸರು. 1066ರಲ್ಲಿ ನಾರ್ಮನ್ನರು ಇಂಗ್ಲೆಂಡನ್ನು ಗೆದ್ದ ಮೇಲೆ ದೊಡ್ಡ ದೊಡ್ಡ ಪ್ರದೇಶಗಳನ್ನು ರಾಜನ ಬೇಟೆಗೆಂದು ಮೀಸಲಿಟ್ಟರು. ‘ಫಾರೆಸ್ಟ್’ ಎಂದರೆ ಆಗ ಮರಗಳಿರುವ ಜಾಗ ಎಂದಲ್ಲ, ಆ ಮೀಸಲು ಕಾನೂನಿಗೆ ಒಳಪಟ್ಟ ಜಾಗ ಎಂದು. ಅದರೊಳಗೆ ಹಳ್ಳಿ, ಹೊಲ, ಬಯಲು ಎಲ್ಲವೂ ಇರುತ್ತಿದ್ದವು. ಜನರ ಒತ್ತಡಕ್ಕೆ ಮಣಿದು 1217ರ ಅರಣ್ಯ ಸನ್ನದಿನಲ್ಲಿ ಎಷ್ಟೋ ಜಾಗವನ್ನು ಮೀಸಲಿನಿಂದ ಬಿಡಬೇಕಾಯಿತು. ಹಾಗೆ ಬಿಟ್ಟ ಅಂಚಿನ ಭೂಮಿಗೆ ‘ಪರ್ಲ್ಯೂ’ ಎಂಬ ಹೆಸರು. ಜಾಗ ಬಿಟ್ಟದ್ದು ಜಿಂಕೆಗಳಿಗೆ ಗೊತ್ತಾಗುತ್ತದೆಯೇ? ಅವು ಅಂಚು ದಾಟಿ ರೈತರ ಪೈರಿಗೆ ಬರುತ್ತಿದ್ದವು. ಅವನ್ನು ಮತ್ತೆ ಮೀಸಲಿನೊಳಗೆ ಅಟ್ಟುವುದಕ್ಕೆ ಒಬ್ಬ ಪ್ರಮಾಣವಚನ ತೊಟ್ಟ ಅಧಿಕಾರಿ ಇರುತ್ತಿದ್ದ. ಅವನೇ ರೇಂಜರ್. 1598ರಲ್ಲಿ ಇಂಗ್ಲೆಂಡಿನ ಅರಣ್ಯ ಕಾನೂನುಗಳ ಬಗ್ಗೆ ಪುಸ್ತಕ ಬರೆದ ಜಾನ್ ಮ್ಯಾನ್‌ವುಡ್ ರೇಂಜರನ ಕೆಲಸವನ್ನು ಹೀಗೆಯೇ ವಿವರಿಸುತ್ತಾನೆ.

ಇದನ್ನು ಓದುವಾಗ ನನಗೆ ಪ್ರತಿಸಲವೂ ನಮ್ಮ ತೋಟ, ಗದ್ದೆಗಳೇ ಕಣ್ಣ ಮುಂದೆ ಬರುತ್ತವೆ. ಆನೆ ಗದ್ದೆಗೆ ಇಳಿದಿದೆ ಎಂದು ಫೋನು ಹೋದರೆ ಇಂದಿಗೂ ಸಿಬ್ಬಂದಿಯನ್ನು ಕರೆದುಕೊಂಡು ರಾತ್ರೋರಾತ್ರಿ ಹೊರಡಬೇಕಾದವರು ರೇಂಜರೇ. ಬೇಕಾದರೆ ಸಕ್ರೆಬೈಲು ಬಿಡಾರದಿಂದ ಪಳಗಿದ ಆನೆಗಳನ್ನು ತರಿಸಿ ಕಾಡಾನೆಯನ್ನು ಹಿಂದಕ್ಕೆ ಅಟ್ಟಬೇಕು. ಅಲ್ಲಿ ಜಿಂಕೆ, ಇಲ್ಲಿ ಆನೆ. ಅಂಚಿನ ರೈತನ ಸಂಕಟವೂ ಆ ಅಧಿಕಾರಿಯ ಕೆಲಸವೂ ಎಂಟು ಶತಮಾನದಲ್ಲಿ ಹೆಚ್ಚೇನೂ ಬದಲಾಗಿಲ್ಲ.

ಭಾರತಕ್ಕೆ ಈ ಪದ ಬಂದದ್ದು ಬ್ರಿಟಿಷರ ಅರಣ್ಯ ಇಲಾಖೆಯ ಜೊತೆ. 1864ರಲ್ಲಿ ಇಲಾಖೆ ಆರಂಭವಾದಾಗ ಅದರ ಮೊದಲ ಇನ್‌ಸ್ಪೆಕ್ಟರ್ ಜನರಲ್ ಆದವರು ಜರ್ಮನಿಯ ಡೀಟ್ರಿಚ್ ಬ್ರಾಂಡಿಸ್. 1878ರಲ್ಲಿ ಡೆಹ್ರಾಡೂನಿನಲ್ಲಿ ರೇಂಜರ್‌ಗಳ ತರಬೇತಿಗೆಂದೇ ಶಾಲೆ ಶುರುವಾಯಿತು. ರೇಂಜರ್ ಸುತ್ತಾಡಿ ನೋಡಿಕೊಳ್ಳಬೇಕಾದ ಭಾಗವೇ ರೇಂಜ್. ಈಗಲೂ ಮೇಲಿನಿಂದ ಕೆಳಕ್ಕೆ ಸರ್ಕಲ್, ಡಿವಿಜನ್, ರೇಂಜ್, ಸೆಕ್ಷನ್, ಬೀಟ್ ಎಂದು ಇಳಿಯುತ್ತದೆ. ಆಗುಂಬೆ, ಮಂಡಗದ್ದೆ, ನಗರ ಇವೆಲ್ಲ ಒಂದೊಂದು ರೇಂಜ್. ಬೀಟ್ ಎಂಬುದು ಗಾರ್ಡ್ ಕಾಲ್ನಡಿಗೆಯಲ್ಲಿ ತಿರುಗುವಷ್ಟು ಕಾಡು. ಅದಕ್ಕೆ ಕನ್ನಡದಲ್ಲಿ ಗಸ್ತು ಎನ್ನುತ್ತೇವೆ. ಗಸ್ತು ಪಾರಸಿ ಪದ, ಅದರ ಅರ್ಥವೂ ತಿರುಗಾಟವೇ. ಪೊಲೀಸರಲ್ಲೂ ರೇಂಜ್ ಇದೆ. ನಮ್ಮ ಶಿವಮೊಗ್ಗ ಜಿಲ್ಲೆ ದಾವಣಗೆರೆಯಲ್ಲಿ ಕಚೇರಿ ಇರುವ ಪೂರ್ವ ವಲಯಕ್ಕೆ ಸೇರುತ್ತದೆ.

ಇಲ್ಲೊಂದು ಸೊಗಸಾದ ಸಂಗತಿಯಿದೆ. ಇಲಾಖೆಯವರು ರೇಂಜನ್ನು ‘ವಲಯ’ ಎಂದು ಕನ್ನಡಿಸಿದ್ದಾರೆ. ಆರ್‌ಎಫ್‌ಒ ಎಂದರೆ ವಲಯ ಅರಣ್ಯಾಧಿಕಾರಿ. ವಲಯ ಎಂದರೆ ಸಂಸ್ಕೃತದಲ್ಲಿ ಬಳೆ, ಕಡಗ, ಸುತ್ತು. ಹ್ರಿಂಗ್ ಪದದ ಅರ್ಥವೂ ಅದೇ. ಅನುವಾದಿಸಿದವರ ಮನಸ್ಸಿನಲ್ಲಿದ್ದದ್ದು ಪ್ರದೇಶ ಎಂಬ ಅರ್ಥ, ಫ್ರಾಂಕರ ಭಾಷೆಯನ್ನು ನೋಡಿ ಆರಿಸಿದ ಪದವೇನೂ ಅಲ್ಲ. ಆದರೂ ಸಾಲಾಗಿ, ಬೇಟೆಯಾಗಿ, ತಿರುಗಾಟವಾಗಿ ಯುರೋಪನ್ನೆಲ್ಲ ಸುತ್ತಿದ ಪದ ಮಲೆನಾಡಿನ ಕಚೇರಿಯ ಬೋರ್ಡಿನ ಮೇಲೆ ತನ್ನ ಮೊದಲ ಅರ್ಥದಲ್ಲೇ ಕೂತಿದೆ.

ಮೊಬೈಲಿನ ರೇಂಜ್ ಬಂದದ್ದು ಫಿರಂಗಿಯಿಂದ. ಸಂಚರಿಸುವುದು ಎಂಬ ಅರ್ಥ ಇತ್ತಲ್ಲ, 16ನೆಯ ಶತಮಾನದ ಕೊನೆಯಲ್ಲಿ ಅದನ್ನು ಗುಂಡಿಗೂ ಹಚ್ಚಿದರು: ಹಾರಿಸಿದ ಗುಂಡು ಎಷ್ಟು ದೂರ ಸಾಗುತ್ತದೆಯೋ ಅದು ಅದರ ರೇಂಜ್. ಅಲ್ಲಿಂದ ಕಣ್ಣಿಗೆ ಕಾಣುವ ದೂರ, ಕಿವಿಗೆ ಕೇಳುವ ದೂರ, ಕೊನೆಗೆ ರೇಡಿಯೊ ಅಲೆ ಮುಟ್ಟುವ ದೂರ. ಹಳೆಯ 2ಜಿ ವ್ಯವಸ್ಥೆಯಲ್ಲಿ ಒಂದು ಟವರಿನಿಂದ ಸುಮಾರು 35 ಕಿಲೋಮೀಟರಿನವರೆಗೆ ಮಾತ್ರ ಫೋನು ಕೆಲಸ ಮಾಡುವಂತೆ ಲೆಕ್ಕ ಕಟ್ಟಲಾಗಿತ್ತು. ಅಲೆ ಹೋಗಿ ಬರುವ ಸಮಯವನ್ನು ಹೊಂದಿಸಿಕೊಳ್ಳುವುದಕ್ಕೆ ಅದಕ್ಕಿಂತ ಹೆಚ್ಚು ಅವಕಾಶ ಅದರಲ್ಲಿ ಇರಲಿಲ್ಲ. ಬಯಲುಸೀಮೆಯ ಬಟಾಬಯಲಿನಲ್ಲೂ ಅದು ಗರಿಷ್ಠ ಮಿತಿ. ನಮ್ಮಲ್ಲಿ ಎದುರಿಗೆ ಒಂದು ಗುಡ್ಡ ಬಂದರೆ ಅದರ ಹಿಂದಿನ ಕಣಿವೆಯೆಲ್ಲ ಅಲೆಗೆ ಮರೆ. ಮಳೆಗಾಲದಲ್ಲಿ ಒದ್ದೆಯಾದ ದಟ್ಟ ಸೊಪ್ಪೂ ಅಲೆಯನ್ನು ಹೀರುತ್ತದೆ. 2020ರಲ್ಲಿ ತರಗತಿಗಳು ಆನ್‌ಲೈನ್ ಆದಾಗ ಮಲೆನಾಡಿನ ಮಕ್ಕಳು ಗುಡ್ಡ ಹತ್ತಿ, ಕೊಡೆ ಹಿಡಿದು ಪಾಠ ಕೇಳಬೇಕಾಗಿ ಬಂದದ್ದು ಇದರಿಂದ. ಟವರ್ ಎಲ್ಲಿ ಹಾಕಬೇಕು ಎಂದು ನಿರ್ಧರಿಸುವವರು ನಕ್ಷೆಯ ಮೇಲಿನ ದೂರವನ್ನಷ್ಟೇ ಅಳೆದರೆ ಮಲೆನಾಡಿಗೆ ಅನ್ಯಾಯವಾಗುತ್ತದೆ.

ಬೆಂಗಳೂರಿನ ಕಡೆಯವರು ‘ನೆಟ್‌ವರ್ಕ್ ಇಲ್ಲ’ ಅನ್ನುವಾಗ ನಮ್ಮಲ್ಲಿ, ಘಟ್ಟದ ಕೆಳಗೂ, ‘ರೇಂಜ್ ಇಲ್ಲ’ ಅನ್ನುವುದು ಹೆಚ್ಚು. ನನ್ನ ಮಟ್ಟಿಗೆ ನಮ್ಮದೇ ಹೆಚ್ಚು ಖಚಿತವಾದ ಮಾತು. ನೆಟ್‌ವರ್ಕ್ ಇದ್ದೇ ಇದೆ, ನಾವು ಅದರ ಮುಟ್ಟಿಗೆ ಸಿಗುತ್ತಿಲ್ಲ ಅಷ್ಟೆ.

ಗಣಿತದ್ದು ಸರಳ. ಇಲ್ಲಿಂದ ಅಲ್ಲಿಯವರೆಗೆ ಎಷ್ಟು ಹರಡಿದೆ ಎಂಬುದೇ ರೇಂಜ್. ಶಿವಮೊಗ್ಗದ ಅಡಿಕೆ ಮಾರುಕಟ್ಟೆಯ ದರಪಟ್ಟಿಯಲ್ಲಿ ರಾಶಿ, ಬೆಟ್ಟೆ, ಸರಕು, ಗೊರಬಲು ಪ್ರತಿಯೊಂದಕ್ಕೂ ಕನಿಷ್ಠ, ಗರಿಷ್ಠ ಅಂತ ಎರಡು ಬೆಲೆ ಇರುತ್ತದಲ್ಲ, ಗರಿಷ್ಠದಲ್ಲಿ ಕನಿಷ್ಠ ಕಳೆದರೆ ಆ ದಿನದ ರೇಂಜ್ ಸಿಗುತ್ತದೆ. ಬಟ್ಟೆ ಅಂಗಡಿಯವರು ಕೇಳುವುದೂ ಇದನ್ನೇ, ಎಷ್ಟರಿಂದ ಎಷ್ಟರ ಒಳಗೆ ಎಂದು.

ಭೂಗೋಳದ ರೇಂಜ್ ಮಾತ್ರ ಅಲೆದಾಟದ ಕವಲಿಗೆ ಸೇರದೆ ಹಳೆಯ ‘ಸಾಲಿ’ನಲ್ಲೇ ನಿಂತದ್ದು. ಬೆಟ್ಟದ ಸಾಲು ಎಂಬ ಈ ಬಳಕೆ ಇಂಗ್ಲಿಷಿನಲ್ಲಿ ಕಾಣಿಸುವುದು 18ನೆಯ ಶತಮಾನದ ಆರಂಭದಲ್ಲಿ. ಚಿಕ್ಕಮಗಳೂರಿನ ಚಂದ್ರದ್ರೋಣ ಪರ್ವತವನ್ನು ಇಂಗ್ಲಿಷಿನಲ್ಲಿ ಬಾಬಾಬುಡನ್ ರೇಂಜ್ ಎನ್ನುತ್ತಾರೆ. ಅದು ನೇರ ಸಾಲಲ್ಲ, ಕುದುರೆ ಲಾಳದಂತೆ ಬಾಗಿದ ಸಾಲು. 1,930 ಮೀಟರ್ ಎತ್ತರದ ಮುಳ್ಳಯ್ಯನಗಿರಿ ಇರುವುದು ಅದರಲ್ಲೇ. ಸುತ್ತು ಮತ್ತು ಸಾಲು ಎರಡೂ ಒಂದಾಗಿರುವ ಬೆಟ್ಟ ಬೇಕೆಂದರೆ ಮಗಳಿಗೆ ಅದನ್ನು ನಕ್ಷೆಯಲ್ಲಿ ತೋರಿಸಿ. ‘ವೆಸ್ಟರ್ನ್ ಘಾಟ್ಸ್’ ಎಂಬ ಹೆಸರಿನ ಕಥೆ ಬೇರೆ. ಘಟ್ಟ ಎಂದರೆ ಹತ್ತಿ ಇಳಿಯುವ ದಾರಿ, ಆಗುಂಬೆ ಘಾಟಿ ಎನ್ನುವಾಗ ನಾವು ಹೇಳುವುದು ಅದನ್ನೇ. ದಾರಿಯ ಹೆಸರು ಸುಮಾರು 1,600 ಕಿಲೋಮೀಟರ್ ಉದ್ದದ ಇಡೀ ಬೆಟ್ಟಸಾಲಿಗೆ ಅಂಟಿತು.

ನೀವು ಕೇಳದ ಒಂದು ಬಳಕೆ ಉಳಿಯಿತು. ‘ಅವರ ರೇಂಜೇ ಬೇರೆ’, ‘ಆ ರೇಂಜಿಗೆ ಮಳೆ ಹೊಡೀತು’ ಎನ್ನುತ್ತೇವೆ. ಇಂದಿನ ಇಂಗ್ಲಿಷಿನಲ್ಲಿ ಹೀಗೆ ಹೇಳುವುದಿಲ್ಲ, ಇದು ನಮ್ಮವರು ಬೆಳೆಸಿದ್ದು. ಕೆಲವು ಮೇಷ್ಟ್ರುಗಳು ಇದನ್ನು ತಪ್ಪು ಎಂದು ತಿದ್ದುತ್ತಾರೆ. ನಾನು ತಿದ್ದುವುದಿಲ್ಲ. ಜಾನ್ಸನ್ನನ ನಿಘಂಟಿನಲ್ಲಿ ರೇಂಜಿಗೆ ಕೊಟ್ಟ ಎರಡನೆಯ ಅರ್ಥವೇ ವರ್ಗ, ದರ್ಜೆ. ಇಂಗ್ಲಿಷಿನಲ್ಲಿ ಆ ಅರ್ಥ ಸೊರಗಿ, ಆ ಕೆಲಸವನ್ನು ರ‍್ಯಾಂಕ್ ವಹಿಸಿಕೊಂಡಿತು. ಕನ್ನಡದ ಬಾಯಲ್ಲಿ ಅದು ಮತ್ತೆ ಚಿಗುರಿದೆ. ಸಾಲಿನಿಂದ ದರ್ಜೆಗೆ ಹೋಗುವುದು ಅರ್ಥಗಳಿಗೆ ಸಹಜವಾದ ದಾರಿ. ‘ಶ್ರೇಣಿ’ ಎಂದರೂ ಸಾಲೇ, ಆದರೂ ‘ಉನ್ನತ ಶ್ರೇಣಿಯಲ್ಲಿ ಪಾಸಾದಳು’, ‘ವೇತನ ಶ್ರೇಣಿ’ ಎಂದು ಬರೆಯುತ್ತೇವೆ.

ಇನ್ನು ಮಗಳ ಪ್ರಬಂಧ. ರೇಂಜಿಗೆ ಒಂದೇ ಕನ್ನಡ ಪದ ಹುಡುಕಬೇಡಿ. ನಿಘಂಟು ತೆರೆದು ಮೊದಲು ಸಿಕ್ಕಿದ ‘ಶ್ರೇಣಿ’ಯನ್ನು ಎಲ್ಲೆಡೆ ತುಂಬುವುದರಿಂದಲೇ ‘ಬೆಲೆ ಶ್ರೇಣಿ’, ‘ತಾಪಮಾನ ಶ್ರೇಣಿ’ ಎಂಬ ಜೀವವಿಲ್ಲದ ಮಾತುಗಳು ಹೆಚ್ಚುತ್ತಿವೆ. ಇಂಗ್ಲಿಷ್ ಒಂದರಲ್ಲಿ ಮಾಡುವ ಕೆಲಸವನ್ನು ಕನ್ನಡ ನಾಲ್ಕೈದು ಪದಗಳಿಗೆ ಹಂಚಿಕೊಟ್ಟಿದೆ, ಅದರಲ್ಲಿ ಕೊರತೆ ಏನೂ ಇಲ್ಲ. ಬೆಟ್ಟಕ್ಕೆ ಸಾಲು ಅಥವಾ ಶ್ರೇಣಿ, ಅರಣ್ಯ ಕಚೇರಿಗೆ ವಲಯ, ಗಣಿತಕ್ಕೆ ವ್ಯಾಪ್ತಿ. ಬೆಲೆಯ ಮಾತು ಬಂದರೆ ‘ಇಷ್ಟರಿಂದ ಇಷ್ಟರವರೆಗೆ’ ಎಂದರೆ ಸಾಕು. ದನಿ ಮುಟ್ಟುವ ದೂರಕ್ಕೆ ನಮ್ಮಲ್ಲಿ ‘ಕೂಗಳತೆ’ ಎಂಬ ಚಂದದ ಪದವಿದೆ, ಮನೆಗಳು ದೂರ ದೂರ ಇರುವ ನಿಮ್ಮಂಥ ಊರುಗಳಲ್ಲಿ ಅದಿನ್ನೂ ಬಳಕೆಯಲ್ಲಿರಬೇಕು, ಅವಳು ಧಾರಾಳವಾಗಿ ಬಳಸಲಿ. ಮೊಬೈಲಿನದನ್ನು ಮಾತ್ರ ‘ರೇಂಜ್’ ಎಂದೇ ಬರೆಯಲಿ. ಮನೆಯಲ್ಲಿ ಅಜ್ಜಿಯಿಂದ ಹಿಡಿದು ಎಲ್ಲರೂ ಆಡುವ ಪದ ಅದು. ಟೀಚರು ಪ್ರಶ್ನಿಸಿದರೆ ಈ ಉತ್ತರವನ್ನು ಅವರಿಗೆ ತೋರಿಸಿ.